ಸೌಂಡ್ ಹೋಯಿತೇ? ಎರರ್‌ನ ಮೊದಲ ಸಾಲು ಓದಿ

ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಬರದಿದ್ದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದೊಂದು ಕಿರಿಕಿರಿ, ಅಷ್ಟೆ. ಹಾಡು ಫೋನಿನಲ್ಲಿ ಕೇಳ್ತೀವಿ, ಮೀಟಿಂಗ್‌ಗೂ ಫೋನಿನಿಂದಲೇ ಸೇರ್ತೀವಿ, ರಿಪೇರಿಯನ್ನು ಭಾನುವಾರಕ್ಕೆ ತಳ್ತೀವಿ. ಆದರೆ ಕಣ್ಣು ಕಾಣದವರಿಗೆ ಸೌಂಡ್ ಅಂದರೆ ಅದೇ ಮಾನಿಟರ್. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅನ್ನುವ ತಂತ್ರಾಂಶದ ದನಿ ನಿಂತರೆ, ಅವರ ಪಾಲಿಗೆ ಇಡೀ ಕಂಪ್ಯೂಟರ್ ಕತ್ತಲಾದಂತೆ. ಸೌಂಡ್ ಯಾಕೆ ಹೋಯಿತು ಅಂತ ಹೇಳುವ ಎರರ್ ಕೂಡ ಪರದೆಯ ಮೇಲೇ ಇರುತ್ತದೆ. ಅದನ್ನು ಓದಿ ಹೇಳಲು ಸೌಂಡ್ ಬೇಕು!

ಈ ಸುಳಿಯಿಂದ ಹೊರಬರೋದು ಹೇಗೆ ಅನ್ನೋದೇ ಈ ಬರಹ. ಲಿನಕ್ಸ್ ಬಳಸುವವರಿಗೆ, ಅದರಲ್ಲೂ ಬದಲಾಯಿಸಿದ ಕರ್ನಲ್ ಹಾಕಿಕೊಂಡು ಆಡಿಯೊ ಡ್ರೈವರ್ ಕಂಪೈಲ್ ಮಾಡಲು ಹೋಗಿ ಕೆಂಪು ಅಕ್ಷರಗಳ ಮಳೆಯಲ್ಲಿ ನೆನೆದವರಿಗೆ ನೇರವಾಗಿ ಉಪಯೋಗಕ್ಕೆ ಬರಬಹುದು. ಉಳಿದವರಿಗೂ ಒಂದು ಮಾತು ಸಿಗುತ್ತದೆ: ಎರರ್ ಅನ್ನೋದು ಬೈಗುಳ ಅಲ್ಲ, ಅದೊಂದು ವರದಿ. ಓದುವ ಕ್ರಮ ಗೊತ್ತಿರಬೇಕು.

ಮಾತಾಡದ ಲ್ಯಾಪ್‌ಟಾಪ್

ಗದಗ ತಾಲ್ಲೂಕಿನ ಹಿರೇಹಂದಿಗೋಳದಲ್ಲಿ ನಮ್ಮ ಓಣಿಯ ಒಬ್ಬ ಹುಡುಗ ಇದ್ದಾನೆ. ಹುಟ್ಟಿನಿಂದ ದೃಷ್ಟಿ ಇಲ್ಲ. ಹಾಡ್ತಾನೆ, ಪೇಟಿ ಬಾರಿಸ್ತಾನೆ, ಈಗ ತನ್ನದೇ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡಿಂಗ್ ಮಾಡೋದನ್ನೂ ಕಲಿತಿದ್ದಾನೆ. ಗದಗ ಸೀಮೆಯಲ್ಲಿ ಇದು ಆಶ್ಚರ್ಯದ ಮಾತಲ್ಲ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರು ಗದಗ. ದೃಷ್ಟಿ ಇಲ್ಲದ ಎಷ್ಟೋ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿಸಿಕೊಟ್ಟ ಜಾಗ ಅದು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಕಿವಿಯಿಂದಲೇ ಜಗತ್ತನ್ನು ಕಲಿಯಬಹುದು ಅನ್ನೋದನ್ನು ಈ ಕಡೆಯ ಜನಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ.

ಹುಡುಗನ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ಅದರಲ್ಲಿ ಲಿನಕ್ಸ್, ಲಿನಕ್ಸ್ ಮೇಲೆ ಓರ್ಕಾ. ಓರ್ಕಾ ಅನ್ನೋದು ಉಚಿತ ಸ್ಕ್ರೀನ್ ರೀಡರ್. 2006ರಿಂದ ಗ್ನೋಮ್ ಡೆಸ್ಕ್‌ಟಾಪ್‌ನ ಜೊತೆಗೇ ಬರುತ್ತಿದೆ. ಅದರ ಹಿಂದೆ ಮಾತಾಡುವ ಇ-ಸ್ಪೀಕ್ ಎನ್‌ಜಿಗೆ ಕನ್ನಡವೂ ಬರುತ್ತದೆ. ದನಿ ಸ್ವಲ್ಪ ರೋಬೋಟ್ ಥರ, ಆದರೆ ವೇಗ ಹೆಚ್ಚಿಸಿದರೂ ಅಕ್ಷರ ನುಂಗುವುದಿಲ್ಲ. ಹುಡುಗ ಅದನ್ನು ಕೇಳುವ ವೇಗದಲ್ಲಿ ನನಗೆ ಒಂದು ಪದವೂ ತಿಳಿಯುವುದಿಲ್ಲ.

ರೆಕಾರ್ಡಿಂಗ್ ಚೆನ್ನಾಗಿ ಆಗಲಿ ಅಂತ ಪರಿಚಯದವರೊಬ್ಬರು ಆ ಲ್ಯಾಪ್‌ಟಾಪ್‌ಗೆ ಬದಲಾಯಿಸಿದ ಕರ್ನಲ್ ಹಾಕಿಕೊಟ್ಟರು. 5.15 ಇದ್ದದ್ದು 6.12 ಆಯಿತು. ರಿಯಲ್-ಟೈಮ್ ಆಯ್ಕೆ ಆನ್, ಬೇಡ ಅನಿಸಿದ ನೂರಾರು ಡ್ರೈವರ್‌ಗಳು ಔಟ್. ಮಷಿನ್ ರೀಸ್ಟಾರ್ಟ್ ಆಯಿತು. ಮರುದಿನ ನಾನು ಊರಲ್ಲಿದ್ದೆ. ಅವನು ಬಂದು ಹೇಳಿದ್ದು ಒಂದೇ ಮಾತು: "ಅಕ್ಕಾ, ಕಂಪ್ಯೂಟರ್ ಮಾತಾಡವಲ್ದು."

ಪರದೆ ನೋಡಿ ನಾನೇ ಸರಿಮಾಡಿ ಕೊಡಬಹುದಿತ್ತು. ಅವನು ಬಿಡಲಿಲ್ಲ. "ನೀವು ಬೆಂಗಳೂರಿಗೆ ಹೋದ ಮ್ಯಾಲೆ ಮತ್ತ ಹಿಂಗಾದ್ರ ಯಾರ್ ಓದಬೇಕ್ರಿ?" ಪ್ರಶ್ನೆ ಸರಿಯಾಗಿತ್ತು. ಹಾಗಾಗಿ ಒಂದು ಒಪ್ಪಂದ ಆಯಿತು. ಕೀಬೋರ್ಡ್ ಅವನದು, ಎರರ್ ಓದುವುದೂ ಅವನೇ. ಕಂಪೈಲ್ ಮಾಡುವಾಗ ಬರುವ ಎಲ್ಲ ಸಾಲುಗಳನ್ನೂ ಒಂದು ಫೈಲಿಗೆ ತುಂಬಿಸಿ, ಆ ಫೈಲನ್ನು ಅವನ ಫೋನಿಗೆ ಕಳಿಸುವುದು. ಫೋನಿನ ಟಾಕ್‌ಬ್ಯಾಕ್ ಅದನ್ನು ಓದಿ ಹೇಳುತ್ತದೆ. ಲ್ಯಾಪ್‌ಟಾಪ್ ಮೂಕವಾದಾಗ ಫೋನ್ ಅದರ ಬಾಯಿ.

ರಿಯಲ್-ಟೈಮ್ ಯಾಕೆ ಬೇಕಿತ್ತು?

ಸುಮ್ಮನೆ ಇದ್ದ ಕರ್ನಲ್ ಬದಲಾಯಿಸಿದ್ದು ಯಾಕೆ ಅಂತ ಕೇಳಬಹುದು. ಕಾರಣ ಇದೆ. ಕಂಪ್ಯೂಟರ್ ಧ್ವನಿಯನ್ನು ಚಿಕ್ಕ ಚಿಕ್ಕ ಬುಟ್ಟಿಗಳಲ್ಲಿ ತುಂಬಿ ಸಾಗಿಸುತ್ತದೆ. ಆ ಬುಟ್ಟಿಯ ಹೆಸರು ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಲೆಕ್ಕದಲ್ಲಿ 1,024 ಸ್ಯಾಂಪಲ್‌ನ ಬಫರ್ ತುಂಬಲು ಸುಮಾರು 21 ಮಿಲಿಸೆಕೆಂಡ್ ಬೇಕು. 256ರ ಬಫರ್ ಆದರೆ 5.3 ಮಿಲಿಸೆಕೆಂಡ್ ಸಾಕು.

ಇದನ್ನು ಬೈಠಕ್‌ನ ಲೆಕ್ಕದಲ್ಲಿ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 5.3 ಮಿಲಿಸೆಕೆಂಡ್ ಅಂದರೆ ತಬಲಾದವರು ನಿಮ್ಮಿಂದ ಆರಡಿ ದೂರ ಕೂತ ಹಾಗೆ. 21 ಮಿಲಿಸೆಕೆಂಡ್ ಅಂದರೆ 7 ಮೀಟರ್, ಅಂದರೆ ತಬಲಾದವರು ಪಕ್ಕದ ಮನೆಯ ಕಟ್ಟೆಗೆ ಹೋಗಿ ಕೂತ ಹಾಗೆ! ಹೆಡ್‌ಫೋನ್‌ನಲ್ಲಿ ತನ್ನದೇ ದನಿ ಇಷ್ಟು ತಡವಾಗಿ ಕೇಳಿದರೆ ದ್ರುತ್ ಲಯದಲ್ಲಿ ಹಾಡುವವರಿಗೆ ತೊಡಕು. ಬಫರ್ ಚಿಕ್ಕದಾಗಿಸಿದರೆ ತಡ ಕಡಿಮೆ. ಆದರೆ ಪ್ರತಿ ಬುಟ್ಟಿಯನ್ನೂ ಗಳಿಗೆ ತಪ್ಪದಂತೆ ಎತ್ತಬೇಕು, ತಪ್ಪಿದರೆ ಪಟ್ ಪಟ್ ಅಂತ ಸಿಡಿತ. ಬೇರೆ ಕೆಲಸ ಎಷ್ಟೇ ಇದ್ದರೂ ಈ ಕೆಲಸಕ್ಕೆ ಸರಿಯಾದ ಸಮಯಕ್ಕೆ ಸರದಿ ಕೊಡುವುದೇ ರಿಯಲ್-ಟೈಮ್ ಕರ್ನಲ್‌ನ ಗುಣ. ಸುಮಾರು ಇಪ್ಪತ್ತು ವರ್ಷ ಹೊರಗಿನ ಪ್ಯಾಚ್ ಆಗಿಯೇ ಉಳಿದಿದ್ದ ಈ ಸೌಲಭ್ಯ, 2024ರ ನವೆಂಬರ್‌ನಲ್ಲಿ ಬಂದ 6.12ರಲ್ಲಿ ಲಿನಕ್ಸ್‌ನ ಮೂಲದೊಳಗೇ ಆನ್ ಮಾಡಬಹುದಾದ ಆಯ್ಕೆಯಾಯಿತು.

ಅಂದರೆ ಕರ್ನಲ್ ಬದಲಾಯಿಸಿದ್ದು ತಪ್ಪಲ್ಲ. ಕರ್ನಲ್ ಬದಲಾಯಿಸಿದ ಮೇಲೆ ಅದರ ಜೊತೆ ಬದಲಾಗಬೇಕಾದ್ದು ಬದಲಾಗಿರಲಿಲ್ಲ.

ಪಟ್ಟಿ ಬದಲಾದ ಕಥೆ

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಡ್ರೈವರ್ ಅಂದರೆ ಒಂದು ನಿರ್ದಿಷ್ಟ ಚಿಪ್ ಜೊತೆ ಮಾತಾಡಲು ಗೊತ್ತಿರುವ ತುಣುಕು. ಲಿನಕ್ಸ್‌ನಲ್ಲಿ ಸೌಂಡ್‌ನ ಇಡೀ ವ್ಯವಸ್ಥೆಗೆ ಆಲ್ಸಾ ಅಂತ ಹೆಸರು. ಜರೊಸ್ಲಾವ್ ಕಿಸೆಲಾ 1998ರಲ್ಲಿ ಶುರುಮಾಡಿದ್ದು, 2003ರ ಕೊನೆಯಲ್ಲಿ ಬಂದ 2.6 ಕರ್ನಲ್‌ನಿಂದ ಅದೇ ಮುಖ್ಯ ವ್ಯವಸ್ಥೆ. ಹೆಚ್ಚಿನ ಸೌಂಡ್ ಚಿಪ್‌ಗಳ ಡ್ರೈವರ್ ಕರ್ನಲ್‌ನ ಒಳಗೇ ಇದೆ. ಅವು ಕರ್ನಲ್ ಜೊತೆಗೇ ಬೆಳೆಯುತ್ತವೆ, ತೊಂದರೆ ಕೊಡುವುದು ಕಡಿಮೆ.

ತೊಂದರೆ ಇರೋದು ಹೊರಗಿನ ಡ್ರೈವರ್‌ಗಳದ್ದು. ಈ ಲ್ಯಾಪ್‌ಟಾಪ್‌ನಲ್ಲಿ ಸ್ಪೀಕರ್‌ಗೆ ಶಕ್ತಿ ಕೊಡುವ ಒಂದು ಪುಟ್ಟ ಆಂಪ್ಲಿಫೈಯರ್ ಚಿಪ್ ಇದೆ. ಅದಕ್ಕೆ ಕರ್ನಲ್ ಒಳಗೆ ಡ್ರೈವರ್ ಇಲ್ಲ, ಸ್ವಯಂಸೇವಕರು ಬರೆದು ಹೊರಗೆ ಇಟ್ಟದ್ದು ಮಾತ್ರ ಇದೆ. ಅದನ್ನು ಪ್ರತಿ ಕರ್ನಲ್‌ಗೂ ಬೇರೆಯಾಗಿ ಕಂಪೈಲ್ ಮಾಡಬೇಕು, ಅಂದರೆ ಮನುಷ್ಯರು ಬರೆದ ಕೋಡನ್ನು ಆ ಕರ್ನಲ್‌ಗೆ ಹೊಂದುವ ಮಷಿನ್ ಭಾಷೆಗೆ ತಿರುಗಿಸಬೇಕು.

ಹಳೆಯ ಡ್ರೈವರ್ ಹೊಸ ಕರ್ನಲ್‌ಗೆ ಯಾಕೆ ಹೊಂದಲ್ಲ? ಇಲ್ಲೊಂದು ಸ್ವಾರಸ್ಯ ಇದೆ. ನಾವು ಬಳಸುವ ಆ್ಯಪ್‌ಗಳನ್ನು ಹೊಸ ಕರ್ನಲ್ ಮುರಿಯಬಾರದು ಅನ್ನೋದು ಲಿನಸ್ ಟೊರ್ವಾಲ್ಡ್ಸ್ ಕಟ್ಟುನಿಟ್ಟಾಗಿ ಪಾಲಿಸುವ ನಿಯಮ. ಆದರೆ ಕರ್ನಲ್‌ನ ಒಳಗಿನ ಫಂಕ್ಷನ್‌ಗಳಿಗೆ ಆ ಅಭಯ ಇಲ್ಲ. ಅವು ಯಾವಾಗ ಬೇಕಾದರೂ ಬದಲಾಗಬಹುದು. ಹಾಗೆ ಯಾಕೆ ಅಂತ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ವಿವರಣೆ ಕರ್ನಲ್‌ನ ದಾಖಲೆಗಳಲ್ಲೇ ಇದೆ. ಹಳೆಯ ದೋಷಗಳನ್ನು ಹೊತ್ತು ತಿರುಗುವುದಕ್ಕಿಂತ ಸರಿಪಡಿಸಿ ಮುಂದೆ ಹೋಗುವುದು ಮೇಲು, ಡ್ರೈವರ್ ಒಳಗೇ ಇದ್ದರೆ ಬದಲಾವಣೆ ಮಾಡಿದವರೇ ಅದನ್ನೂ ಸರಿಮಾಡ್ತಾರೆ ಅನ್ನೋದು ಅದರ ಸಾರ. ಹೊರಗಿದ್ದರೆ? ನಿಮ್ಮ ಪಾಡು ನಿಮ್ಮದು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗ ಒಂದೇ ವಾಕ್ಯದಲ್ಲಿ ಕಟ್ಟಿಕೊಟ್ಟ: "ಹಾಡೋರು ಪಟ್ಟಿ ಬದಲ್ ಮಾಡ್ಯಾರ, ಪೇಟಿಯಂವ ಇನ್ನೂ ಹಳೇ ಪಟ್ಟಿಯೊಳಗ ಬಾರಸಾಕತ್ತಾನ. ಅಷ್ಟ ಹೌದಲ್ರಿ?" ಹೌದು, ಅಷ್ಟೇ.

ಕೊನೆಯ ಸಾಲು ನಂಬಬೇಡಿ

ಕಂಪೈಲ್ ವಿಫಲವಾದಾಗ ಪರದೆಯ ಕೆಳಗೆ ಕಾಣೋದು ಕೊನೆಯ ಸಾಲು: "ಮೇಕ್: ಎರರ್ 2". ಎಲ್ಲರೂ ಅದನ್ನೇ ಫೋಟೊ ಹೊಡೆದು ಕಳಿಸ್ತಾರೆ. ಅದರಲ್ಲಿ ಏನೂ ಇಲ್ಲ. "ಕೆಲಸ ಆಗಲಿಲ್ಲ" ಅಂತ ಮೇಸ್ತ್ರಿ ಬಂದು ಹೇಳಿದ ಹಾಗೆ. ಯಾಕೆ ಆಗಲಿಲ್ಲ ಅನ್ನೋದು ಮೇಲೆಲ್ಲೋ ಇರುತ್ತದೆ.

ಕಂಪೈಲರ್ ಮೊದಲ ತೊಡಕಿಗೆ ಎಡವಿದ ಮೇಲೆ ಉಳಿದದ್ದನ್ನೂ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಐವತ್ತು ಎರರ್ ಬಂದರೆ ನಿಜವಾದವು ಎರಡೋ ಮೂರೋ. ಕ್ರಮ ಸರಳ: ಲಾಗ್ ಫೈಲಿನಲ್ಲಿ ಮೇಲಿನಿಂದ ಶುರುಮಾಡಿ, "ಎರರ್" ಅನ್ನುವ ಪದ ಮೊದಲು ಬರುವ ಜಾಗಕ್ಕೆ ಹೋಗಿ, ಅದೊಂದನ್ನೇ ಸರಿಮಾಡಿ, ಮತ್ತೆ ಕಂಪೈಲ್ ಮಾಡಿ. "ವಾರ್ನಿಂಗ್" ಇದ್ದರೆ ಸದ್ಯಕ್ಕೆ ದಾಟಿ. ಇನ್ನೊಂದು ಕಿವಿಮಾತು: ಏಕಕಾಲಕ್ಕೆ ಹಲವು ಫೈಲ್ ಕಂಪೈಲ್ ಮಾಡುವ "-ಜೆ" ಆಯ್ಕೆ ಬಳಸಬೇಡಿ. ಬಳಸಿದರೆ ಬೇರೆ ಬೇರೆ ಫೈಲ್‌ಗಳ ಸಾಲು ಕಲಸಿಹೋಗಿ ಯಾವುದು ಮೊದಲು ಅಂತಲೇ ತಿಳಿಯಲ್ಲ.

ಈ ಕೆಲಸದಲ್ಲಿ ಹುಡುಗ ನನಗಿಂತ ಚುರುಕು. ಕಣ್ಣಿದ್ದವರು ಲಾಗ್ ಮೇಲೆ ಕಣ್ಣಾಡಿಸಿ, ಬಣ್ಣ ಕಂಡಲ್ಲಿ ನಿಲ್ತೀವಿ. ಅವನಿಗೆ ಬಣ್ಣ ಇಲ್ಲ. ಕ್ರಮವಾಗಿ ಕೇಳುತ್ತಾ ಹೋಗಿ ಮೊದಲ ಅಪಸ್ವರಕ್ಕೇ ನಿಲ್ಲಿಸ್ತಾನೆ.

ನಾಲ್ಕು ಎರರ್, ನಾಲ್ಕು ಅರ್ಥ

*ಒಂದು: "ಬಿಲ್ಡ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ"*

ಡ್ರೈವರ್ ಕಟ್ಟಲು ಆ ಕರ್ನಲ್‌ನ ಹೆಡರ್ ಫೈಲ್‌ಗಳು ಬೇಕು. ಹೆಡರ್ ಅಂದರೆ ಅಳತೆ ಪಟ್ಟಿ: ಯಾವ ಫಂಕ್ಷನ್‌ಗೆ ಏನು ಕೊಡಬೇಕು, ಅದು ಏನು ಹಿಂದಿರುಗಿಸುತ್ತದೆ ಅನ್ನುವ ವಿವರ. ಈಗ ಓಡುತ್ತಿರುವ ಕರ್ನಲ್‌ನ ಹೆಸರು ತಿಳಿಯಲು "ಯುನೇಮ್ -ಆರ್" ಕೊಡಿ. ಬದಲಾಯಿಸಿದ ಕರ್ನಲ್ ಆದರೆ ಸಂಖ್ಯೆಯ ಕೊನೆಗೆ ಕಟ್ಟಿದವರು ಇಟ್ಟ ಬಾಲವೂ ಇರುತ್ತದೆ. ಹೆಡರ್‌ಗಳು ಆ ಬಾಲದ ಸಮೇತ ಅದೇ ಹೆಸರಿನವು ಆಗಿರಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಅದೇ ಸಂಖ್ಯೆಯ ಮಾಮೂಲಿ ಹೆಡರ್ ಹಾಕಿದರೆ ಕಂಪೈಲ್ ಆದೀತು, ಆದರೆ ಲೋಡ್ ಆಗಲ್ಲ. ಕರ್ನಲ್ ಕಟ್ಟಿಕೊಟ್ಟವರ ಹತ್ತಿರ ಆ ಫೋಲ್ಡರ್ ಹಾಗೇ ಇತ್ತು, ಪೆನ್‌ಡ್ರೈವ್‌ನಲ್ಲಿ ತರಿಸಿಕೊಂಡೆವು.

*ಎರಡು: "ಫೇಟಲ್ ಎರರ್" ಮತ್ತು ಒಂದು ಹೆಡರ್ ಫೈಲಿನ ಹೆಸರು*

ಮುಂದಿನ ಸಲ ಟಾಕ್‌ಬ್ಯಾಕ್ ಓದಿದ್ದು: ಎಎಸ್ಎಂ ಸ್ಲ್ಯಾಶ್ ಅನ್‌ಅಲೈನ್ಡ್ ಡಾಟ್ ಎಚ್ ಅನ್ನುವ ಫೈಲ್ ಇಲ್ಲ. 6.12ರಲ್ಲಿ ಈ ಫೈಲ್ "ಎಎಸ್ಎಂ" ಫೋಲ್ಡರ್‌ನಿಂದ "ಲಿನಕ್ಸ್" ಫೋಲ್ಡರ್‌ಗೆ ಮನೆ ಬದಲಾಯಿಸಿತ್ತು. ಡ್ರೈವರ್‌ನ ಒಂದು ಸಾಲಿನಲ್ಲಿ ವಿಳಾಸ ತಿದ್ದಿದರೆ ಮುಗಿಯಿತು. ಇಂಥ ಎರರ್ ಬಂದಾಗ ಫೈಲ್ ಕಳೆದಿದೆ ಅಂತ ಬೇರೆ ಕಡೆಯಿಂದ ತಂದು ತುರುಕುವ ಅಭ್ಯಾಸ ಬೇಡ. ಹೆಚ್ಚಿನ ಸಲ ಅದು ಕಳೆದಿರುವುದಿಲ್ಲ, ಸ್ಥಳಾಂತರ ಆಗಿರುತ್ತದೆ.

*ಮೂರು: "ಇನ್‌ಕಂಪ್ಯಾಟಿಬಲ್ ಪಾಯಿಂಟರ್ ಟೈಪ್"*

ಇದೇ ನಿಜವಾದ ಪಟ್ಟಿ ಬದಲಾವಣೆ. ಆಂಪ್ಲಿಫೈಯರ್ ಚಿಪ್ ಐ-ಸ್ಕ್ವೇರ್ಡ್-ಸಿ ಅನ್ನುವ ತಂತಿಯ ಮೇಲೆ ಕೂತಿರುತ್ತದೆ. ಚಿಪ್ ಸಿಕ್ಕಾಗ ಕರ್ನಲ್ ಡ್ರೈವರ್‌ನ "ಪ್ರೋಬ್" ಅನ್ನುವ ಫಂಕ್ಷನ್ ಕರೆಯುತ್ತದೆ, ಬಿಡುವಾಗ "ರಿಮೂವ್" ಕರೆಯುತ್ತದೆ. 6.1ರಿಂದ ರಿಮೂವ್ ಏನನ್ನೂ ಹಿಂದಿರುಗಿಸುವಂತಿಲ್ಲ. 6.3ರಿಂದ ಪ್ರೋಬ್‌ಗೆ ಎರಡರ ಬದಲು ಒಂದೇ ವಿಷಯ ಕೊಡಲಾಗುತ್ತದೆ. 5.15ರ ಕಾಲದ ಡ್ರೈವರ್‌ಗೆ ಇದು ಗೊತ್ತಿರಲಿಲ್ಲ. ಎರರ್ ಸಾಲು ಎರಡೂ ರೂಪಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತದೆ: ಕರ್ನಲ್ ಕೇಳುತ್ತಿರುವುದು ಇದು, ನೀನು ಕೊಟ್ಟದ್ದು ಇದು. ಅದನ್ನು ನಿಧಾನ ಓದಿದರೆ ಉತ್ತರ ಅಲ್ಲೇ ಇರುತ್ತದೆ.

ಇದನ್ನು ತಿದ್ದುವಾಗ ಒಂದು ಶಿಸ್ತು ಬೇಕು. ಹಳೆಯ ರೂಪ ಅಳಿಸಿ ಹೊಸದು ಬರೆದರೆ ಹಳೆಯ ಕರ್ನಲ್‌ನಲ್ಲಿ ಅದೇ ಡ್ರೈವರ್ ಮುರಿಯುತ್ತದೆ. ಹಾಗಾಗಿ "ಕರ್ನಲ್ 6.3 ಅಥವಾ ನಂತರದ್ದಾದರೆ ಹೀಗೆ, ಇಲ್ಲವಾದರೆ ಹಾಗೆ" ಅಂತ ಆವೃತ್ತಿ ನೋಡಿ ಆರಿಸುವ ಷರತ್ತು ಬರೆಯಬೇಕು. ಎರಡು ಕರ್ನಲ್‌ನಲ್ಲೂ ದನಿ ಉಳಿಯಬೇಕು. ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಮರಳುವ ದಾರಿ ಅದೇ.

ಜೊತೆಗೆ "ಹ್ಯಾಸ್ ನೋ ಮೆಂಬರ್ ನೇಮ್ಡ್" ಅಂತ ಇನ್ನೊಂದು ಬಂತು. ಆಲ್ಸಾದ ಒಂದು ಸ್ಟ್ರಕ್ಚರ್‌ನಲ್ಲಿ ಮೊದಲು "ಹೊಸ ಪದ್ಧತಿಯ ಹೆಸರು ಬೇಕು" ಅಂತ ಗುರುತು ಹಾಕಬೇಕಿತ್ತು. ಈಗ ಹೊಸ ಪದ್ಧತಿಯೇ ಮಾಮೂಲಿ, ಆ ಗುರುತನ್ನೇ ತೆಗೆದುಹಾಕಿದ್ದಾರೆ. ಹೊಸ ಕರ್ನಲ್‌ಗೆ ಆ ಸಾಲು ಬೇಡ, ಹಳೆಯದಕ್ಕೆ ಬೇಕು. ಮತ್ತದೇ ಷರತ್ತು.

*ನಾಲ್ಕು: "ಮಾಡ್‌ಪೋಸ್ಟ್... ಅನ್‌ಡಿಫೈನ್ಡ್"*

ಕೋಡ್ ಎಲ್ಲ ಕಂಪೈಲ್ ಆಯಿತು, ಕೊನೆಯ ಹಂತದಲ್ಲಿ ಫೋನ್ ಹೇಳಿತು: ಅಂಡರ್‌ಸ್ಕೋರ್ ಅಂಡರ್‌ಸ್ಕೋರ್ ಡೆವ್ಎಂ ಅಂಡರ್‌ಸ್ಕೋರ್ ರೆಗ್‌ಮ್ಯಾಪ್ ಅಂಡರ್‌ಸ್ಕೋರ್ ಇನಿಟ್ ಅಂಡರ್‌ಸ್ಕೋರ್ ಐ2ಸಿ, ಅನ್‌ಡಿಫೈನ್ಡ್. ಹುಡುಗ ಮೂರು ಸಲ ಕೇಳಿಸಿಕೊಂಡ.

ಇಲ್ಲಿ ಡ್ರೈವರ್‌ನಲ್ಲಿ ಏನೂ ತಪ್ಪಿಲ್ಲ. ಅದು ಕರೆಯುತ್ತಿರುವ ಫಂಕ್ಷನ್ ಈ ಕರ್ನಲ್‌ನಲ್ಲಿ ಇಲ್ಲವೇ ಇಲ್ಲ. ಅದು ಇರೋದು ರೆಗ್‌ಮ್ಯಾಪ್ ಅನ್ನುವ ಭಾಗದಲ್ಲಿ. ರೆಗ್‌ಮ್ಯಾಪ್‌ನ ಐ2ಸಿ ಆಯ್ಕೆಯನ್ನು ಕರ್ನಲ್‌ನ ಮೆನುವಿನಲ್ಲಿ ನೇರವಾಗಿ ಟಿಕ್ ಮಾಡಲು ಆಗಲ್ಲ. ಅದನ್ನು ಬಳಸುವ ಒಳಗಿನ ಡ್ರೈವರ್ ಯಾವುದಾದರೂ ಆನ್ ಇದ್ದರೆ ಮಾತ್ರ ಅದೂ ಹಿಂಬಾಲಿಸಿ ಬರುತ್ತದೆ. ಬೇಡ ಅಂತ ಡ್ರೈವರ್‌ಗಳನ್ನು ಕಿತ್ತಾಗ ರೆಗ್‌ಮ್ಯಾಪ್ ಕರೆತರುವವರು ಯಾರೂ ಉಳಿದಿರಲಿಲ್ಲ, ಹಾಗಾಗಿ ಅದೂ ಹೋಗಿತ್ತು. ಸ್ಟಾಕ್ ಕರ್ನಲ್ ಇದ್ದಿದ್ದರೆ ಈ ಎರರ್ ಬರುತ್ತಲೇ ಇರಲಿಲ್ಲ. ಬದಲಾಯಿಸಿದ ಕರ್ನಲ್‌ಗಳಿಗೆ ವಿಶೇಷವಾಗಿ ಬರುವ ರೋಗ ಇದು, ಡ್ರೈವರ್ ತಿದ್ದಿದರೆ ವಾಸಿ ಆಗಲ್ಲ.

ಮದ್ದು ಒಂದೇ. ರೆಗ್‌ಮ್ಯಾಪ್ ಬಳಸುವ ಒಂದು ಸೌಂಡ್ ಚಿಪ್‌ನ ಡ್ರೈವರನ್ನು ಮಾಡ್ಯೂಲ್ ಆಗಿ ಆನ್ ಮಾಡಿ, ಇಡೀ ಕರ್ನಲ್ ಮತ್ತೆ ಕಟ್ಟುವುದು. ಹಳೆಯ ಲ್ಯಾಪ್‌ಟಾಪ್ ಆದ್ದರಿಂದ ರಾತ್ರಿ ಹಚ್ಚಿಟ್ಟು ಮಲಗಿದೆವು. ಬೆಳಿಗ್ಗೆ ಅದರ ಮೇಲೆ ಡ್ರೈವರ್ ಒಂದೂ ಎರರ್ ಇಲ್ಲದೆ ಕಂಪೈಲ್ ಆಯಿತು.

ಕಂಪೈಲ್ ಆದರೆ ಸೌಂಡ್ ಬಂದಂತಲ್ಲ

ಇಲ್ಲಿ ಹಲವರು ಇನ್ನೊಂದು ಅಡ್ಡದಾರಿ ಹಿಡೀತಾರೆ: ಬೇರೆ ಕರ್ನಲ್‌ನಲ್ಲಿ ಕಟ್ಟಿದ ರೆಡಿಮೇಡ್ ಡ್ರೈವರ್ ಫೈಲ್ ತಂದು ಹಾಕೋದು. ಪ್ರತಿ ಡ್ರೈವರ್ ಫೈಲಿನೊಳಗೆ "ವರ್‌ಮ್ಯಾಜಿಕ್" ಅನ್ನುವ ಮುದ್ರೆ ಇರುತ್ತದೆ. ಯಾವ ಕರ್ನಲ್, ರಿಯಲ್-ಟೈಮ್ ಹೌದೋ ಅಲ್ಲವೋ ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತದೆ. ಹೊಂದದಿದ್ದರೆ "ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಅಂತ ಕರ್ನಲ್ ಬಾಗಿಲಲ್ಲೇ ತಡೆಯುತ್ತದೆ. ಒತ್ತಾಯದಿಂದ ಒಳಗೆ ನುಗ್ಗಿಸಬಹುದು, ಆದರೆ ಮಷಿನ್ ನಡುವೆಯೇ ಕುಸಿದರೆ ಆಶ್ಚರ್ಯ ಪಡಬೇಡಿ. "ಕೀ ವಾಸ್ ರಿಜೆಕ್ಟೆಡ್" ಅಂತ ಬಂದರೆ ಅದು ಸೆಕ್ಯೂರ್ ಬೂಟ್‌ನ ತಗಾದೆ. ಡ್ರೈವರ್‌ಗೆ ಸಹಿ ಹಾಕಿ, ಆ ಸಹಿಯನ್ನು ಮಷಿನ್‌ಗೆ ಪರಿಚಯಿಸಬೇಕು. ಆ ಪರಿಚಯದ ನೀಲಿ ಪರದೆ ಬೂಟ್ ಆಗುವ ಮೊದಲೇ ಬರುತ್ತದೆ, ಸ್ಕ್ರೀನ್ ರೀಡರ್ ಅಲ್ಲಿಗೆ ತಲುಪಲ್ಲ. ಕಣ್ಣಿರುವವರೊಬ್ಬರು ಪಕ್ಕದಲ್ಲಿರಲಿ.

ಲೋಡ್ ಆದ ಮೇಲೆ "ಎಪ್ಲೇ -ಎಲ್" ಕೊಟ್ಟರೆ ಸೌಂಡ್ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಕಾರ್ಡ್ ಪಟ್ಟಿಯಲ್ಲಿದ್ದೂ ದನಿ ಇಲ್ಲದಿದ್ದರೆ ಮ್ಯೂಟ್ ಆಗಿದೆಯೇ ನೋಡಿ. ಹೊಸದಾಗಿ ಕಂಡ ಕಾರ್ಡ್ ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಏಳುತ್ತದೆ. ಆಲ್ಸಾಮಿಕ್ಸರ್‌ನಲ್ಲಿ "ಎಂ ಎಂ" ಅಂತ ಕಂಡರೆ ಅದೇ ಗುರುತು. ಕಣ್ಣು ಕಾಣದವರಿಗೆ ಆ ಚಿತ್ರದ ಪರದೆಗಿಂತ "ಎಮಿಕ್ಸರ್" ಅನ್ನುವ ಒಂದು ಸಾಲಿನ ಕಮಾಂಡ್ ಸಲೀಸು. ಹುಡುಗ ಅದನ್ನೇ ಟೈಪ್ ಮಾಡಿದ. ಎಂಟರ್ ಒತ್ತಿದ ಗಳಿಗೆಗೆ ಓರ್ಕಾ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಗಡಗಡ ಓದತೊಡಗಿತು. "ತಡೀ, ತಡೀ" ಅಂತ ಅವನು ಮೊದಲು ಮಾಡಿದ್ದು ಅದರ ವೇಗ ಇಳಿಸುವ ಕೆಲಸ. ಅದೂ ನನಗಾಗಿ.

ಮುಂದೆ ಮೂಕವಾಗದಂತೆ

ಒಮ್ಮೆ ಸರಿಹೋದದ್ದು ಮುಂದಿನ ಅಪ್‌ಡೇಟ್‌ಗೆ ಮತ್ತೆ ಹೋಗಬಹುದು. ಅದಕ್ಕೆ ಡಿಕೆಎಂಎಸ್ ಇದೆ. ಡೆಲ್ ಕಂಪನಿಯ ಎಂಜಿನಿಯರ್‌ಗಳು ಶುರುಮಾಡಿದ ಈ ಸಾಧನ, ಹೊಸ ಕರ್ನಲ್ ಬಂದಾಗಲೆಲ್ಲ ಹೊರಗಿನ ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುತ್ತದೆ. ವಿಫಲವಾದರೆ ಕಾರಣ ಅದರ "ಮೇಕ್ ಡಾಟ್ ಲಾಗ್" ಫೈಲಿನಲ್ಲಿರುತ್ತದೆ. ಆದರೆ ಇದು ತಿದ್ದುಪಡಿ ಮಾಡುವುದಿಲ್ಲ, ಪುನರಾವರ್ತನೆ ಮಾತ್ರ. ಕರ್ನಲ್‌ನ ಒಳಗಿನ ಫಂಕ್ಷನ್ ಮತ್ತೆ ಬದಲಾದರೆ ಮತ್ತೆ ಮನುಷ್ಯರೇ ತಿದ್ದಬೇಕು.

ಅದಕ್ಕೇ ನಾವು ಮಾಡಿದ ತಿದ್ದುಪಡಿಯನ್ನು ನಮ್ಮ ಮಷಿನ್‌ನಲ್ಲೇ ಬಚ್ಚಿಡಲಿಲ್ಲ. ಡ್ರೈವರ್ ಬರೆದ ಸ್ವಯಂಸೇವಕರಿಗೆ ಪ್ಯಾಚ್ ಆಗಿ ಕಳಿಸಿದೆವು. ಯಾವ ಕರ್ನಲ್, ಮೊದಲ ಎರರ್ ಯಾವುದು, ಏನು ಬದಲಾಯಿಸಿದೆವು, ಎರಡೂ ಕರ್ನಲ್‌ನಲ್ಲಿ ಪರೀಕ್ಷೆ ಆಗಿದೆಯೇ ಅಂತ ನಾಲ್ಕು ಸಾಲಿನ ವಿವರ. ವಿವರ ಬರೆದದ್ದು ಹುಡುಗನೇ. ಅದೇ ಚಿಪ್ ಇರುವ, ಅದೇ ರೀತಿ ಸೌಂಡ್‌ನಿಂದಲೇ ಕಂಪ್ಯೂಟರ್ ಓದುವ ಇನ್ನೊಬ್ಬರು ಎಲ್ಲಿದ್ದರೂ ಅವರ ಒಂದು ರಾತ್ರಿ ಉಳಿಯುತ್ತದೆ.

ನಮ್ಮ ಮನೆಯಲ್ಲೋ ಪರಿಚಯದಲ್ಲೋ ಸ್ಕ್ರೀನ್ ರೀಡರ್ ಬಳಸುವವರು ಇರುತ್ತಾರೆ. ಅವರ ಕಂಪ್ಯೂಟರ್‌ಗೆ ಕೈ ಹಚ್ಚುವ ಮುನ್ನ, "ಸ್ಪೀಡ್ ಮಾಡಿಕೊಡ್ತೀನಿ" ಅಂತ ಕರ್ನಲ್ ಬದಲಾಯಿಸುವ ಮುನ್ನ, ಇಷ್ಟನ್ನು ನೋಡಿಕೊಳ್ಳಿ:

1. ಹಳೆಯ ಕರ್ನಲ್ ಅಳಿಸಬೇಡಿ. ಗ್ರಬ್ ಮೆನುವಿನಲ್ಲಿ ಅದು ಎಷ್ಟನೇ ಸಾಲಿನಲ್ಲಿದೆ ಅಂತ ಬಳಸುವವರಿಗೆ ಹೇಳಿಕೊಡಿ. ಬಾಣದ ಕೀ ಎಷ್ಟು ಸಲ ಒತ್ತಬೇಕು ಅಂತ ಗೊತ್ತಿದ್ದರೆ ದನಿ ಇಲ್ಲದೆಯೂ ಹಿಂದಿರುಗಬಹುದು. ಮಷಿನ್‌ನಲ್ಲಿ ಬೀಪ್ ಸ್ಪೀಕರ್ ಇದ್ದರೆ ಗ್ರಬ್ ಮೆನು ಬಂದಾಗ ಸದ್ದು ಮಾಡುವ ಹಾಗೂ ಹೊಂದಿಸಬಹುದು.

2. ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಇಟ್ಟಿರಿ. ಬಹುತೇಕ ಯುಎಸ್‌ಬಿ ಆಡಿಯೊ ಸಾಧನಗಳಿಗೆ ಬೇಕಾದ ಡ್ರೈವರ್ ಕರ್ನಲ್‌ನ ಒಳಗೇ ಇದೆ. ಒಳಗಿನ ಸ್ಪೀಕರ್ ಕೈಕೊಟ್ಟಾಗ ಇದು ಮಾತಾಡುತ್ತದೆ. ಕರ್ನಲ್ ಸಣ್ಣದಾಗಿಸುವಾಗ ಈ ಡ್ರೈವರನ್ನು ಮಾತ್ರ ಎಂದಿಗೂ ಕೀಳಬೇಡಿ.

3. ಕರ್ನಲ್ ಕಟ್ಟಿದವರು ಹೆಡರ್ ಮತ್ತು ಕಾನ್ಫಿಗ್ ಫೈಲ್ ಕೊಟ್ಟೇ ಹೋಗಬೇಕು. ಅವಿಲ್ಲದ ಕರ್ನಲ್ ಅಂದರೆ ಬೀಗದ ಕೈ ಕೊಡದೆ ಮನೆ ಕೊಟ್ಟ ಹಾಗೆ.

4. ಮೊದಲು ಮಾಮೂಲಿ ಕರ್ನಲ್‌ನಲ್ಲೇ ಪ್ರಯತ್ನಿಸಿ. ನಿಮ್ಮ ಡಿಸ್ಟ್ರೊ ರೆಡಿಮೇಡ್ ರಿಯಲ್-ಟೈಮ್ ಕರ್ನಲ್ ಕೊಡುತ್ತಿದ್ದರೆ ಕೈಯಿಂದ ಕಟ್ಟುವ ಬದಲು ಅದನ್ನೇ ಹಾಕಿ. ಹೆಡರ್ ಪ್ಯಾಕೇಜ್ ಅದರ ಜೊತೆಗೇ ಸಿಗುತ್ತದೆ, ಡ್ರೈವರ್‌ಗಳನ್ನು ಯಾರೂ ಕಿತ್ತಿರುವುದಿಲ್ಲ.

5. ಸಹಾಯ ಕೇಳುವಾಗ ಫೋಟೊ ಕಳಿಸಬೇಡಿ, ಲಾಗ್ ಫೈಲನ್ನು ಅಕ್ಷರದಲ್ಲೇ ಕಳಿಸಿ. ಫೋಟೊದಲ್ಲಿ ಕೊನೆಯ ಸಾಲಷ್ಟೇ ಇರುತ್ತದೆ, ಉತ್ತರ ಮೊದಲ ಸಾಲಿನಲ್ಲಿರುತ್ತದೆ. ಮತ್ತು ಆ ಫೋಟೊವನ್ನು ಸ್ಕ್ರೀನ್ ರೀಡರ್ ಸರಿಯಾಗಿ ಓದುವ ಭರವಸೆ ಇಲ್ಲ.

ಐದನೆಯದು ಹುಡುಗ ಸೇರಿಸಿದ್ದು. ಈಗ ಅವನ ಗೆಳೆಯರ ಗುಂಪಿನಲ್ಲಿ ಯಾರಾದರೂ ಎರರ್‌ನ ಸ್ಕ್ರೀನ್‌ಶಾಟ್ ಹಾಕಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ: "ಮೊದಲನೇ ಸಾಲು ಬರದು ಕಳಸು."